ಹೊಲಕ್ಕೂ ಅಡುಗೆಮನೆಗೂ ನಡುವೆ: ಸ್ಥಳೀಯ ಆಹಾರ ವ್ಯವಸ್ಥೆ ಎಲ್ಲಿ ಕಡಿಯುತ್ತದೆ, ಹೇಗೆ ಜೋಡಿಸಬೇಕು

ಸಾವಿರ ಮಕ್ಕಳು ಮಧ್ಯಾಹ್ನ ಊಟ ಮಾಡುವ ಒಂದು ಶಾಲೆಯ ಲೆಕ್ಕ ಹಾಕೋಣ. ತಲೆಗೆ 100 ಗ್ರಾಂ ತರಕಾರಿ ಎಂದರೆ ದಿನಕ್ಕೆ 100 ಕಿಲೊ. ಸಿಪ್ಪೆ, ದಂಟು, ಕೊಳೆತದ್ದು ಅಂತ ಶೇ 20ರಷ್ಟು ಕಳೆದುಹೋಗುತ್ತದೆ. ಹಾಗಾಗಿ ಅಡುಗೆಮನೆಯ ಬಾಗಿಲಿಗೆ ಬಂದು ಬೀಳಬೇಕಾದದ್ದು 125 ಕಿಲೊ. ವರ್ಷಕ್ಕೆ 200 ದಿನ ಶಾಲೆ ನಡೆದರೆ ಒಟ್ಟು 25 ಟನ್. ಹೆಕ್ಟೇರಿಗೆ 15 ಟನ್ ಎಂದು ಸಾಧಾರಣ ಇಳುವರಿ ಹಿಡಿದರೂ ಇದನ್ನು ಬೆಳೆಯಲು 1.7 ಹೆಕ್ಟೇರ್, ಅಂದರೆ ನಾಲ್ಕು ಎಕರೆಗಿಂತ ಚೂರು ಹೆಚ್ಚು ನೆಲ ಸಾಕು. ಮೂರ್ನಾಲ್ಕು ಸಣ್ಣ ರೈತರ ಕೈಯಲ್ಲಿ ಆಗುವ ಕೆಲಸ.

ಆದರೂ ಶಾಲೆಗೆ ಬರುವ ತರಕಾರಿ ಎಷ್ಟೋ ಸಲ ದೂರದ ಸಗಟು ಮಾರುಕಟ್ಟೆಯದಾಗಿರುತ್ತದೆ, ಶಾಲೆಯ ಬೇಲಿಗೆ ತಾಗಿದ ಹೊಲದ ಟೊಮೆಟೊ ಅದೇ ಮಾರುಕಟ್ಟೆಗೆ ಲಾರಿ ಹತ್ತಿರುತ್ತದೆ. ಇದಕ್ಕೆ ನೆಲದ ಕೊರತೆ ಕಾರಣವಲ್ಲ, ರೈತರ ಆಲಸ್ಯವೂ ಅಲ್ಲ. ಅಡುಗೆಮನೆಗೆ ಪ್ರತಿದಿನ 125 ಕಿಲೊ ಬೇಕು. ಹೊಲ ಕೊಡುವುದು ಒಂದು ವಾರ ಎರಡು ಟನ್, ಮುಂದಿನ ವಾರ ಏನೂ ಇಲ್ಲ. ಅಡುಗೆಮನೆಗೆ ಬಿಲ್ಲು ಬೇಕು, ಒಂದೇ ಗಾತ್ರದ ಸರಕು ಬೇಕು, ಬೆಳಿಗ್ಗೆ ಏಳಕ್ಕೆ ಗಾಡಿ ಬಂದು ನಿಲ್ಲಬೇಕು. ರೈತನಿಗೆ ಕೊಯ್ದ ವಾರದಲ್ಲೇ ದುಡ್ಡು ಬೇಕು. ಸಗಟು ವ್ಯಾಪಾರಿ ಈ ಎರಡರ ನಡುವಿನ ಅಂತರವನ್ನು ತುಂಬುತ್ತಾನೆ. ಅವನನ್ನು ಬೈಯುವುದು ಸುಲಭ. ಅವನು ಮಾಡುವ ಕೆಲಸವನ್ನು ಬೇರೆ ಯಾರಾದರೂ ವಹಿಸಿಕೊಳ್ಳದ ಹೊರತು ಸ್ಥಳೀಯ ಆಹಾರದ ಮಾತೆಲ್ಲ ವಾರಕ್ಕೊಂದು ಸಂತೆಗೆ, ವರ್ಷಕ್ಕೊಂದು ಮೇಳಕ್ಕೆ ನಿಂತುಹೋಗುತ್ತದೆ. ಸಮುದಾಯ ಕೈಜೋಡಿಸಬೇಕಾದದ್ದು ಈ ನಡುವಿನ ಜಾಗದಲ್ಲಿ. ಸರ್ಕಾರದ ನೀತಿ ಕೆಲಸ ಮಾಡಬೇಕಾದದ್ದೂ ಅಲ್ಲೇ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಹತ್ತಿರದಲ್ಲಿ ಬೆಳೆದದ್ದು ಪರಿಸರಕ್ಕೆ ತಾನಾಗಿಯೇ ಒಳ್ಳೆಯದು ಎಂಬುದು ಅರ್ಧ ಸತ್ಯ. ಅಮೆರಿಕದ ಮನೆಗಳ ಆಹಾರದಿಂದಾಗುವ ಹಸಿರುಮನೆ ಅನಿಲದ ಬಗ್ಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎಲ್ಲ ಬಗೆಯ ಸಾಗಣೆ ಸೇರಿ ಶೇ 11, ಉತ್ಪಾದಕರಿಂದ ಅಂಗಡಿಯವರೆಗಿನ ಕೊನೆಯ ಸಾಗಣೆ ಶೇ 4 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಹೊಲದಲ್ಲಿ, ಕೊಟ್ಟಿಗೆಯಲ್ಲಿ ಆಗುವಂಥದ್ದು. ಸ್ಥಳೀಯ ವ್ಯವಸ್ಥೆಯಿಂದ ಸಿಗುವ ಲಾಭ ಬೇರೆ ಕಡೆ ಇದೆ: ಕೊಯ್ದ ಮರುದಿನವೇ ತಟ್ಟೆಗೆ ಬರುವ ತಾಜಾತನ, ಊರಿನಲ್ಲೇ ಸುತ್ತುವ ಹಣ, ಹೆದ್ದಾರಿ ಬಂದಾದಾಗಲೂ ನಿಲ್ಲದ ಪೂರೈಕೆ, ಸಣ್ಣ ಹಿಡುವಳಿದಾರನಿಗೆ ನಿಶ್ಚಿತ ಗಿರಾಕಿ. ಇಷ್ಟಕ್ಕೇ ಶ್ರಮಪಡುವುದು ಸಾರ್ಥಕ. ಕಾರ್ಬನ್ ಲೆಕ್ಕ ತೋರಿಸಿ ಅನುದಾನ ತಂದ ಯೋಜನೆಗಳು ಆ ಲೆಕ್ಕ ಕೈಕೊಟ್ಟಾಗ ಮುಜುಗರಪಡಬೇಕಾಗುತ್ತದೆ.

ಸಂಗ್ರಹಣಾ ಕೇಂದ್ರ

ರೈತರ ಸಂಘ ಸರಕನ್ನು ಒಟ್ಟುಮಾಡಿ, ವಿಂಗಡಿಸಿ, ಅಡುಗೆಮನೆಗಳಿಗೆ ಕಳಿಸುವ ಜಾಗವೇ ಸಂಗ್ರಹಣಾ ಕೇಂದ್ರ. ಒಂದು ಶಾಲೆಗಾಗಿ ಅದನ್ನು ಕಟ್ಟಿದರೆ ಗಿಟ್ಟುವುದಿಲ್ಲ. ಅದೇ ಗಾತ್ರದ ಹತ್ತು ಅಡುಗೆಮನೆಗಳು ಸೇರಿದರೆ, ಅದು ಶಾಲೆಯಾಗಲಿ, ಆಸ್ಪತ್ರೆಯಾಗಲಿ, ಹಾಸ್ಟೆಲ್ ಆಗಲಿ, ದಿನಕ್ಕೆ 1,250 ಕಿಲೊ ಸಾಗುತ್ತದೆ. 20 ಕಿಲೊ ಹಿಡಿಯುವ ಪ್ಲಾಸ್ಟಿಕ್ ಕ್ರೇಟಿನ ಲೆಕ್ಕದಲ್ಲಿ ಇದು 63 ಕ್ರೇಟ್. ಆದರೆ 63 ಕೊಂಡರೆ ಮೂರನೇ ದಿನವೇ ಕೆಲಸ ನಿಲ್ಲುತ್ತದೆ. ಒಂದು ಸೆಟ್ ಹೊಲದಲ್ಲಿ, ಒಂದು ಕೇಂದ್ರದಲ್ಲಿ, ಒಂದು ಅಡುಗೆಮನೆಯಲ್ಲಿ ಖಾಲಿಯಾಗಿ ವಾಪಸ್ ಬರಲು ಕಾಯುತ್ತಾ ಇರುತ್ತದೆ. ಮೂರು ಸೆಟ್ಟಿಗೆ 190, ಕಳೆದು ಒಡೆದು ಹೋಗುವುದಕ್ಕೆ ಶೇ 10 ಸೇರಿಸಿ ಸುಮಾರು 210 ಬೇಕು. ಸೊಪ್ಪಿಗೆ ಈ ಲೆಕ್ಕ ಹೊಂದುವುದಿಲ್ಲ: ಅದೇ ಕ್ರೇಟಿನಲ್ಲಿ ಐದಾರು ಕಿಲೊಗಿಂತ ಹೆಚ್ಚು ತುರುಕಿದರೆ ನಡುವಿನ ಕಟ್ಟುಗಳು ಬಿಸಿಯಾಗಿ ಹಳದಿಯಾಗುತ್ತವೆ. ಪ್ರತಿ ಕ್ರೇಟಿಗೂ ನಂಬರ್ ಹಾಕಿ, ಯಾವ ಅಡುಗೆಮನೆಯಲ್ಲಿ ಎಷ್ಟು ಬಾಕಿ ಇದೆ ಎಂದು ಚಾಲಕನ ಚೀಟಿಯಲ್ಲೇ ಬರೆಸಬೇಕು. ಹೊಸ ಕೇಂದ್ರಗಳಲ್ಲಿ ಮೊದಲ ವರ್ಷ ಸದ್ದಿಲ್ಲದೆ ಹಣ ಸೋರುವುದು ಕ್ರೇಟುಗಳ ಮೂಲಕ.

ಶೀತಲ ಕೊಠಡಿ ಬಹಳ ದೊಡ್ಡದಿರಬೇಕಿಲ್ಲ. ಎರಡು ದಿನದ ಸರಕು 125 ಕ್ರೇಟ್. ಒಂದರ ಮೇಲೊಂದು ಐದು ಪೇರಿಸಿದರೆ 25 ಅಟ್ಟಿ. ಕ್ರೇಟಿನ ತಳ 60 × 40 ಸೆಂಟಿಮೀಟರ್ ಎಂದರೆ ಅಟ್ಟಿಗಳಿಗೆ 6 ಚದರ ಮೀಟರ್, ಓಡಾಡುವ ದಾರಿ ಸೇರಿ 12ರಿಂದ 15 ಚದರ ಮೀಟರ್ ಸಾಕು. ಅಟ್ಟಿಗಳನ್ನು ಗೋಡೆಗೆ ಒತ್ತಿ ಇಡಬಾರದು, ಗೋಡೆಗೂ ಅಟ್ಟಿಗೂ ನಡುವೆ ಒಂದು ಗೇಣು ಗಾಳಿ ಆಡಬೇಕು. ನೆಲದಿಂದಲೂ ಪ್ಯಾಲೆಟ್ ಮೇಲೆ ಎತ್ತಿರಬೇಕು.

ತಾಪಮಾನದ ವಿಷಯದಲ್ಲಿ ಮಾತ್ರ ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕು. ಕೊಯ್ದ ತರಕಾರಿ ಉಸಿರಾಡುತ್ತಲೇ ಇರುತ್ತದೆ. ತಾಪ 10 ಡಿಗ್ರಿ ಏರಿದಂತೆ ಅದು ಹಾಳಾಗುವ ವೇಗ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕೊಯ್ದು, ಟಾರ್ಪಾಲಿನ ಕೆಳಗೆ ಮೂರು ಗಂಟೆ ಬಿಟ್ಟ ಸರಕನ್ನು ಆಮೇಲೆ ಎಷ್ಟು ತಣ್ಣಗೆ ಇಟ್ಟರೂ ಕಳೆದುಹೋದ ಆಯುಸ್ಸು ಮರಳಿ ಬರುವುದಿಲ್ಲ. ಆದ್ದರಿಂದ ಯಂತ್ರ ಕೊಳ್ಳುವ ಮುನ್ನ ಕೊಯ್ಲಿನ ಹೊತ್ತನ್ನು ಬೆಳಗಿನ ಜಾವಕ್ಕೆ ಸರಿಸಿ, ಹೊಲದ ಬದುವಿನಲ್ಲೇ ನೆರಳು ಮಾಡಿಸಿ. ಖರ್ಚಿಲ್ಲದೆ ಸಿಗುವ ಲಾಭ ಇದೇ ಎಲ್ಲಕ್ಕಿಂತ ದೊಡ್ಡದು.

ಇನ್ನು ಎಲ್ಲ ತರಕಾರಿಗೂ ಒಂದೇ ತಂಪು ಹಿತವಲ್ಲ. ಸೊಪ್ಪಿಗೆ 0ಯಿಂದ 2 ಡಿಗ್ರಿ ಸೆಲ್ಸಿಯಸ್, ಶೇ 95ರಷ್ಟು ತೇವ ಬೇಕು. ಬದನೆ, ಸೌತೆ 10ರಿಂದ 12 ಡಿಗ್ರಿಗಿಂತ ಕೆಳಗೆ ಹೋದರೆ ಮೈಮೇಲೆ ಕುಳಿ ಬಿದ್ದು ನೀರೊಡೆಯುತ್ತವೆ. ಬಾಳೆಹಣ್ಣು 13 ಡಿಗ್ರಿಯ ಕೆಳಗೆ ಕಪ್ಪಾಗುತ್ತದೆ. ಸಿಪ್ಪೆ ಒಣಗಿಸಿದ ಈರುಳ್ಳಿಗೆ ತೇವವೇ ಶತ್ರು, ಅದು ಶೀತಲ ಕೊಠಡಿಯ ಹೊರಗೆ ಗಾಳಿಯಾಡುವ ಕಡೆ ಇರಲಿ. ಮಾಗುತ್ತಿರುವ ಬಾಳೆ, ಟೊಮೆಟೊಗಳಿಂದ ಎಥಿಲೀನ್ ಅನಿಲ ಹೊಮ್ಮುತ್ತದೆ. ಪಕ್ಕದಲ್ಲಿಟ್ಟ ಸೊಪ್ಪು, ಸೌತೆಯನ್ನು ಅದು ಬೇಗ ಹಳದಿ ಮಾಡಿಬಿಡಬಲ್ಲದು. ಒಂದೇ ಕೊಠಡಿ ಕಟ್ಟಲು ಶಕ್ತಿಯಿದ್ದರೆ ಅದನ್ನು 10–12 ಡಿಗ್ರಿಯಲ್ಲಿಟ್ಟು, ಸೊಪ್ಪನ್ನು ಬಂದ ದಿನವೇ ಕಳಿಸುವ ನಿಯಮ ಮಾಡಿಕೊಳ್ಳುವುದೇ ಜಾಣತನ. ವಿದ್ಯುತ್ ನಂಬಿಕೆಗೆ ಬಾರದ ಕಡೆ ಇಟ್ಟಿಗೆಯ ಎರಡು ಗೋಡೆಗಳ ನಡುವೆ ಮರಳು ತುಂಬಿ ನೀರು ಚಿಮುಕಿಸುವ ತಂಪು ಕೋಣೆ ಆಗುತ್ತದೆ. ಆದರೆ ಅದು ಒಣ ಹವೆಯಲ್ಲಷ್ಟೇ ಕೆಲಸ ಮಾಡುವುದು. ಮಳೆಗಾಲದಲ್ಲಿ, ಕರಾವಳಿಯ ತೇವದಲ್ಲಿ ಅದು ಬರೀ ಒದ್ದೆ ಕೋಣೆ.

ತೊಳೆಯುವ ಕೆಲಸವನ್ನು ಕೇಂದ್ರದಲ್ಲಿ ಮಾಡಲೇಬೇಕೆಂಬ ಹಟ ಬೇಡ. ಸೊಪ್ಪನ್ನು ತೊಳೆದು ಒದ್ದೆಯಾಗಿ ಕಟ್ಟಿದರೆ ಕೊಳೆಯುತ್ತದೆ. ಟೊಮೆಟೊ ತೊಳೆಯುವುದಾದರೆ ಒಂದು ಸೂಕ್ಷ್ಮವಿದೆ. ಹಣ್ಣು ಬಿಸಿಯಿದ್ದು ತೊಟ್ಟಿಯ ನೀರು ತಣ್ಣಗಿದ್ದರೆ ಒಳಗಿನ ಗಾಳಿ ಕುಗ್ಗಿ ತೊಟ್ಟು ಕಿತ್ತ ಜಾಗದಿಂದ ಹಣ್ಣು ನೀರನ್ನು ಹೀರಿಕೊಳ್ಳುತ್ತದೆ, ನೀರಿನ ಜೊತೆ ಅದರಲ್ಲಿರುವ ಕೀಟಾಣುಗಳೂ ಒಳಗೆ ಹೋಗುತ್ತವೆ. ಹಾಗಾಗಿ ನೀರು ಹಣ್ಣಿಗಿಂತ ಐದು ಡಿಗ್ರಿಯಷ್ಟು ಬೆಚ್ಚಗಿರಬೇಕು. ಕ್ಲೋರಿನ್ 50ರಿಂದ 150 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ನೀರಿನ ಹುಳಿ-ಕ್ಷಾರ ಅಳೆಯುವ ಪಿಎಚ್ 6.5ರಿಂದ 7.5ರ ನಡುವೆ ಇರಲಿ. ಪಿಎಚ್ ಏರಿದರೆ ಕ್ಲೋರಿನ್ ಇದ್ದೂ ಇಲ್ಲದಂತೆ. ಮಣ್ಣು ಸೇರಿದಂತೆಲ್ಲ ಅದು ಖರ್ಚಾಗುತ್ತದೆ, ಪರೀಕ್ಷಾ ಪಟ್ಟಿಯಲ್ಲಿ ಗಂಟೆಗೊಮ್ಮೆ ನೋಡಬೇಕು.

ಬಿತ್ತನೆಯ ಪಟ್ಟಿ, ಒಪ್ಪಂದದ ಕಾಗದ

ಹೊಲದ ಏರಿಳಿತವನ್ನು ದಿನದಿನದ ಪೂರೈಕೆಯಾಗಿ ಪರಿವರ್ತಿಸುವುದು ಕೊಠಡಿಯಿಂದ ಆಗುವುದಿಲ್ಲ, ಬಿತ್ತನೆಯ ಪಟ್ಟಿಯಿಂದ ಆಗುತ್ತದೆ. ಹಂಗಾಮಿಗೆ ಎರಡು ಮೂರು ತಿಂಗಳು ಮುಂಚೆ ಅಡುಗೆಮನೆಯವರು, ರೈತರು ಒಟ್ಟಿಗೆ ಕೂರಬೇಕು. ಅಡುಗೆಮನೆ ವಾರವಾರಕ್ಕೆ ಯಾವ ತರಕಾರಿ ಎಷ್ಟು ಬೇಕು ಎಂದು ಹೇಳಬೇಕು. ಅದರಿಂದ ಹಿಂದಕ್ಕೆ ಎಣಿಸಿ ಯಾರು ಯಾವ ವಾರ ಎಷ್ಟು ಬಿತ್ತಬೇಕು ಎಂದು ಹಂಚಿಕೊಳ್ಳಬೇಕು. ಮೂವತ್ತು ದಿನಕ್ಕೆ ಬರುವ ಸೊಪ್ಪಾದರೆ ವಾರಕ್ಕೊಂದು ಮಡಿ ಬಿತ್ತಿದರಷ್ಟೇ ವಾರಕ್ಕೊಂದು ಕೊಯ್ಲು. ಮಳೆ, ರೋಗ, ಮೊಳಕೆಯೊಡೆಯದ ಬೀಜಕ್ಕೆಂದು ಶೇ 20–25 ಹೆಚ್ಚುವರಿ ಬಿತ್ತನೆ ಇರಲಿ. ಒಂದೇ ತರಕಾರಿಯನ್ನು ಒಬ್ಬನೇ ರೈತನಿಗೆ ಒಪ್ಪಿಸಬೇಡಿ, ಕನಿಷ್ಠ ಇಬ್ಬರು ಇರಲಿ, ಸಾಧ್ಯವಾದರೆ ಬೇರೆ ಬೇರೆ ನೀರಿನ ಆಸರೆ ಇರುವವರು. ಒಂದು ಬೋರ್‌ವೆಲ್ ಬತ್ತಿದರೆ ಇಡೀ ಊಟ ನಿಲ್ಲಬಾರದಲ್ಲ.

ಇದರ ಇನ್ನೊಂದು ತುದಿ ಅಡುಗೆಯವರ ಕೈಯಲ್ಲಿದೆ. ಊಟದ ಪಟ್ಟಿಯಲ್ಲಿ 'ಹೂಕೋಸು' ಎಂದು ಬರೆದುಬಿಟ್ಟರೆ ಹೂಕೋಸೇ ಬೇಕು, ಹಂಗಾಮು ಇರಲಿ ಬಿಡಲಿ. 'ಆ ವಾರದ ಹಂಗಾಮಿನ ತರಕಾರಿ, 40 ಕಿಲೊ' ಎಂದು ಬರೆದು, ಯಾವುದರ ಬದಲು ಯಾವುದು ಆಗಬಹುದು ಎಂಬ ಪಟ್ಟಿಯನ್ನು ಪೌಷ್ಟಿಕತಜ್ಞರಿಂದ ಮೊದಲೇ ಒಪ್ಪಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯಿತು.

ಒಪ್ಪಂದ ಎರಡು ಪುಟ ದಾಟಬೇಕಿಲ್ಲ. ಆದರೆ ನಾಲ್ಕು ವಿಷಯ ಅದರಲ್ಲಿ ಇರಲೇಬೇಕು. ಪ್ರಮಾಣ ಮತ್ತು ಅದರಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಎಂಬುದು, ಉದಾಹರಣೆಗೆ ಶೇ 15. ಗುಣಮಟ್ಟವನ್ನು 'ಉತ್ತಮ' ಎಂಬ ಪದದಲ್ಲಿ ಹೇಳದೆ ಗಾತ್ರ, ಬಣ್ಣ, ಎಷ್ಟು ಹುಳುಕು ನಡೆಯುತ್ತದೆ ಎಂದು ಫೋಟೊ ಸಮೇತ ಹೇಳುವುದು. ಬೇಡವೆಂದು ತಿರಸ್ಕರಿಸುವುದಿದ್ದರೆ ಇಳಿಸಿದ ಎರಡು ಗಂಟೆಯೊಳಗೆ ಹೇಳಬೇಕೆಂಬ ಷರತ್ತು. ಇದಿಲ್ಲದಿದ್ದರೆ ಅಡುಗೆಮನೆಯ ಮೂಲೆಯಲ್ಲಿ ಎರಡು ದಿನ ಬಿದ್ದು ಕೊಳೆತದ್ದರ ನಷ್ಟವೂ ರೈತನ ತಲೆಗೆ ಬರುತ್ತದೆ. ನಾಲ್ಕನೆಯದು ಬೆಲೆ, ಅದೇ ಕಷ್ಟದ್ದು.

ಇಡೀ ಹಂಗಾಮಿಗೆ ಒಂದೇ ಬೆಲೆ ಕಟ್ಟಿದರೆ ಪೇಟೆಯಲ್ಲಿ ದರ ಏರಿದ ದಿನ ರೈತ ಅಲ್ಲಿಗೆ ಹೋಗುತ್ತಾನೆ, ದರ ಬಿದ್ದ ದಿನ ಅಡುಗೆಮನೆ ಅಲ್ಲಿಂದ ತರುತ್ತದೆ. ದಿನದ ಪೇಟೆ ದರವನ್ನೇ ಕೊಟ್ಟರೆ ಒಪ್ಪಂದ ಮಾಡಿಕೊಂಡು ಏನು ಬಂತು? ಎರಡರ ನಡುವೆ ನಡೆಯುವ ಸೂತ್ರ ಹೀಗೆ: ಬೆಳೆಯುವ ಖರ್ಚಿಗಿಂತ ಕೆಳಗಿಳಿಯದ ಒಂದು ತಳಬೆಲೆ, ಅದರ ಮೇಲೆ ಪೇಟೆಯ ಕಳೆದ ನಾಲ್ಕು ವಾರದ ಸರಾಸರಿಯನ್ನು ಅನುಸರಿಸುವ ದರ, ಮೇಲೊಂದು ಮಿತಿ. ಜೊತೆಗೆ ರೈತನ ಇಡೀ ಬೆಳೆಯನ್ನು ಕಟ್ಟಿಹಾಕದೆ ಶೇ 60–70ನ್ನು ಮಾತ್ರ ಒಪ್ಪಂದಕ್ಕೆ ಒಳಪಡಿಸಿದರೆ, ದರ ಏರಿದಾಗ ಉಳಿದದ್ದನ್ನು ಹೊರಗೆ ಮಾರಿ ಅವನೂ ನಾಲ್ಕು ಕಾಸು ನೋಡುತ್ತಾನೆ. ಕೊಟ್ಟ ಮಾತಿಗೆ ತಪ್ಪಿ ಹೊರಗೆ ಮಾರುವುದನ್ನು ದಂಡ ಹಾಕಿ ತಡೆದ ಸಂಘಗಳಿಗಿಂತ ಹಂಗಾಮಿನ ಕೊನೆಗೆ ಬೋನಸ್ ಕೊಟ್ಟು ತಡೆದ ಸಂಘಗಳು ಹೆಚ್ಚು ಬಾಳುತ್ತವೆ. ದಂಡ ವಸೂಲಿಗೆ ಹೋದವನು ಮುಂದಿನ ವರ್ಷ ಆ ಸದಸ್ಯನನ್ನೇ ಕಳೆದುಕೊಳ್ಳುತ್ತಾನೆ.

38 ದಿನದ ಹೊರೆ

ಸರಕು ಕೆಟ್ಟು ಮುಚ್ಚುವ ಸಂಘಗಳಿಗಿಂತ ಕೈಯಲ್ಲಿ ಹಣವಿಲ್ಲದೆ ಮುಚ್ಚುವ ಸಂಘಗಳೇ ಹೆಚ್ಚು ಎಂದರೆ ಈ ಕೆಲಸ ಬಲ್ಲವರು ಯಾರೂ ಆಶ್ಚರ್ಯಪಡುವುದಿಲ್ಲ. ಕೇಂದ್ರ ವಾರಕ್ಕೆ 100 ರೂಪಾಯಿಯ ಸರಕು ಕೊಳ್ಳುತ್ತದೆ ಎನ್ನಿ. ರೈತರಿಗೆ 7 ದಿನದಲ್ಲಿ ಹಣ ಕೊಡುತ್ತದೆ. ಅಡುಗೆಮನೆ ಬಿಲ್ಲು ತೀರಿಸುವುದು 45 ದಿನಕ್ಕೆ. ನಡುವಿನ 38 ದಿನ ಕೇಂದ್ರ ತನ್ನ ಕೈಯಿಂದ ಹಾಕಬೇಕು. 38ನ್ನು 7ರಿಂದ ಭಾಗಿಸಿ 100ರಿಂದ ಗುಣಿಸಿದರೆ 543. ಅಂದರೆ ವಾರದ ವಹಿವಾಟಿನ ಐದೂವರೆ ಪಟ್ಟು ಹಣ ಸದಾ ಹೊರಗೆ ಸಿಕ್ಕಿಕೊಂಡಿರುತ್ತದೆ. ವ್ಯಾಪಾರ ಇಮ್ಮಡಿಯಾದರೆ ಈ ಹೊರೆಯೂ ಇಮ್ಮಡಿ. ಚೆನ್ನಾಗಿ ನಡೆಯುತ್ತಿದ್ದ ಸಂಘ, ದೊಡ್ಡ ಆರ್ಡರ್ ಸಿಕ್ಕ ತಿಂಗಳೇ ಕುಸಿಯುವುದು ಇದರಿಂದ.

ಇದರ ಜೊತೆಗೆ ತೂಕದ ನಷ್ಟವನ್ನು ಬೆಲೆಯಲ್ಲಿ ಸೇರಿಸಲು ಮರೆಯುವುದೂ ಉಂಟು. ವಿಂಗಡಿಸುವಾಗ, ಒಣಗುವಾಗ ಶೇ 6 ಕಳೆದರೆ 100ಕ್ಕೆ ಕೊಂಡ ಸರಕಿನ ನಿಜವಾದ ಅಸಲು 106.4. ಮೇಲೆ ಗಾಡಿ, ಕೂಲಿ, ವಿದ್ಯುತ್, ಕ್ರೇಟ್, ಬಡ್ಡಿ. 'ದಲ್ಲಾಳಿಯಂತೆ ನಾವು ಲಾಭ ಇಟ್ಟುಕೊಳ್ಳುವುದಿಲ್ಲ' ಎಂದು ಹೆಮ್ಮೆಯಿಂದ ಕೊಂಡ ಬೆಲೆಯ ಮೇಲೆ ಬರೀ ಶೇ 5 ಇಟ್ಟು ವ್ಯಾಪಾರ ಶುರು ಮಾಡುವ ಸಂಘ ಮೊದಲ ದಿನದಿಂದಲೇ ನಷ್ಟದಲ್ಲಿರುತ್ತದೆ, ಗೊತ್ತಾಗುವುದು ಅನುದಾನ ಮುಗಿದ ಮೇಲೆ.

ಹಣದ ಅಂತರ ಮುಚ್ಚಲು ಸಮುದಾಯದ ಕೈಯಲ್ಲಿ ಹಳೆಯದೊಂದು ದಾರಿ ಇದೆ: ತಿನ್ನುವವರೇ ಮುಂಗಡ ಕೊಡುವುದು. ಜಪಾನಿನಲ್ಲಿ 1970ರ ದಶಕದಲ್ಲಿ ಗ್ರಾಹಕ ಗುಂಪುಗಳು ಸಾವಯವ ರೈತರ ಜೊತೆ ನೇರ ಒಡಂಬಡಿಕೆ ಮಾಡಿಕೊಂಡ 'ತೈಕೆಯ್' ಪದ್ಧತಿ ಬೆಳೆಯಿತು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್‌ನ ಎರಡು ಹೊಲಗಳಲ್ಲಿ ಸಮುದಾಯ ಬೆಂಬಲಿತ ಕೃಷಿ ಶುರುವಾಯಿತು. ಫ್ರಾನ್ಸಿನಲ್ಲಿ 2001ರಿಂದ 'ಅಮಾಪ್' ಎಂಬ ಗುಂಪುಗಳು ಹುಟ್ಟಿಕೊಂಡವು. ಹಂಗಾಮಿನ ಆರಂಭದಲ್ಲೇ ಮನೆಗಳು ತಮ್ಮ ಪಾಲಿನ ಹಣ ಕಟ್ಟುತ್ತವೆ, ಬೆಳೆ ಚೆನ್ನಾಗಿ ಬಂದರೂ ಕಮ್ಮಿ ಬಂದರೂ ಸಿಕ್ಕ ಪಾಲನ್ನು ಒಪ್ಪಿಕೊಳ್ಳುತ್ತವೆ. ರೈತನಿಗೆ ಸಾಲವಿಲ್ಲದ ಬಂಡವಾಳ. ಇದರ ಮಿತಿಯನ್ನೂ ಹೇಳಬೇಕು: ಮೂರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಬಲ್ಲವರಿಗಷ್ಟೇ ಇದು ನಿಲುಕುವುದು. ದಿನಗೂಲಿಯ ಮನೆಗಳನ್ನು ಒಳಗೊಳ್ಳಬೇಕಾದರೆ ವಾರದ ಕಂತು, ಉಳ್ಳವರ ಪಾಲಿನಿಂದ ಸ್ವಲ್ಪ ರಿಯಾಯಿತಿ, ಇಲ್ಲವೇ ಸರ್ಕಾರದ ಕೂಪನ್ ಬೇಕಾಗುತ್ತದೆ. ಆ ಏರ್ಪಾಡು ಇಲ್ಲದ ಕಡೆ ಸ್ಥಳೀಯ ಆಹಾರ ಎಂಬುದು ಮಧ್ಯಮ ವರ್ಗದ ಹವ್ಯಾಸವಾಗಿ ಉಳಿಯುತ್ತದೆ.

ಸಂಸ್ಥೆಗಳ ವಿಷಯದಲ್ಲಿ ಮುಂಗಡದ ಆಸೆ ಬೇಡ, ಸಕಾಲಕ್ಕೆ ಪಾವತಿಯಾದರೆ ಸಾಕು. ಅಲ್ಲಿ ಕಾನೂನು ಬೇಕಾಗುತ್ತದೆ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದ ಪ್ರಕಾರ ಸಾರ್ವಜನಿಕ ಸಂಸ್ಥೆಗಳು ಸಾಮಾನ್ಯವಾಗಿ 30 ದಿನದಲ್ಲಿ ಬಿಲ್ಲು ತೀರಿಸಬೇಕು. 2019ರ ಇನ್ನೊಂದು ನಿರ್ದೇಶನ, ಬೇಗ ಕೆಡುವ ಕೃಷಿ ಉತ್ಪನ್ನಕ್ಕೆ ದೊಡ್ಡ ಖರೀದಿದಾರರು ಸಣ್ಣ ಪೂರೈಕೆದಾರರಿಗೆ 30 ದಿನ ಮೀರಿ ಹಣ ಬಾಕಿ ಇಡುವುದನ್ನೂ, ಕೊನೇ ಗಳಿಗೆಯಲ್ಲಿ ಆರ್ಡರ್ ರದ್ದು ಮಾಡುವುದನ್ನೂ ನಿಷೇಧಿಸಿತು. ಮೇಲಿನ ಲೆಕ್ಕದಲ್ಲಿ 45ರ ಜಾಗದಲ್ಲಿ 30 ಹಾಕಿ ನೋಡಿ: 543 ಇದ್ದದ್ದು 329ಕ್ಕೆ ಇಳಿಯುತ್ತದೆ. ಒಂದು ಪೈಸೆ ಸಬ್ಸಿಡಿ ಇಲ್ಲದೆ ಸಂಘದ ಹೊರೆಯಲ್ಲಿ ಹತ್ತಿರ ಹತ್ತಿರ ಶೇ 40 ಕಡಿಮೆ.

ಕೊಳ್ಳುವ ಕೈ ಸರ್ಕಾರದ್ದಾದಾಗ

ಶಾಲೆ, ಆಸ್ಪತ್ರೆ, ಜೈಲು, ಅಂಗನವಾಡಿ, ಸೇನೆಯ ಕ್ಯಾಂಟೀನು ಹೀಗೆ ಸರ್ಕಾರ ದಿನವೂ ಆಹಾರ ಕೊಳ್ಳುತ್ತಲೇ ಇರುತ್ತದೆ. ಆ ದುಡ್ಡು ಹೇಗೂ ಖರ್ಚಾಗುವಂಥದ್ದೇ. ಅದರ ದಿಕ್ಕು ಬದಲಿಸುವುದೇ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬಲವಾದ ನೀತಿ. ಇದಕ್ಕೆ ಬ್ರೆಜಿಲ್ ದೊಡ್ಡ ಉದಾಹರಣೆ. 2009ರ ಜೂನ್‌ನಲ್ಲಿ ಜಾರಿಗೆ ಬಂದ 11,947ನೇ ಸಂಖ್ಯೆಯ ಕಾನೂನು, ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ 30ನ್ನು ಕುಟುಂಬ ಕೃಷಿಕರಿಂದ ನೇರವಾಗಿ ಕೊಳ್ಳಲು ಬಳಸಬೇಕೆಂದು ಕಡ್ಡಾಯ ಮಾಡಿತು (2026ರಿಂದ ಈ ಪಾಲು ಶೇ 45). ಸುಮಾರು ನಾಲ್ಕು ಕೋಟಿ ಮಕ್ಕಳು ಉಣ್ಣುವ ಯೋಜನೆ ಅದು.

ಶೇ 30 ಎಂಬ ಅಂಕಿಯನ್ನು ಎಲ್ಲರೂ ಹೇಳುತ್ತಾರೆ, ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಕಡಿಮೆ ಜನ ನೋಡುತ್ತಾರೆ. ಈ ಭಾಗದ ಖರೀದಿಗೆ ಮಾಮೂಲಿ ಟೆಂಡರಿನಿಂದ ವಿನಾಯಿತಿ ಇದೆ. ಸ್ಥಳೀಯ ಮಾರುಕಟ್ಟೆಯ ದರಗಳ ಸರಾಸರಿ ತೆಗೆದು ಬೆಲೆಯನ್ನು ಮೊದಲೇ ಪ್ರಕಟಿಸಿ, ಕೊಡುವವರು ಯಾರು ಎಂದು ಬಹಿರಂಗವಾಗಿ ಕರೆಯುತ್ತಾರೆ. ಯಾರು ಕಡಿಮೆಗೆ ಕೂಗುತ್ತಾರೆ ಎಂಬ ಪೈಪೋಟಿ ಅಲ್ಲಿಲ್ಲ. ಆದ್ಯತೆ ಭೂಸುಧಾರಣೆಯ ಫಲಾನುಭವಿಗಳಿಗೆ, ಮೂಲನಿವಾಸಿಗಳಿಗೆ, ಕಿಲೊಂಬೊಲಾ ಸಮುದಾಯಗಳಿಗೆ (ಗುಲಾಮಗಿರಿಯಿಂದ ತಪ್ಪಿಸಿಕೊಂಡವರ ವಂಶಸ್ಥರು). ಒಬ್ಬ ರೈತ ವರ್ಷಕ್ಕೆ ಇಷ್ಟೇ ಮಾರಬಹುದು ಎಂಬ ಮಿತಿಯೂ ಇದೆ, ಇಲ್ಲದಿದ್ದರೆ ದೊಡ್ಡವನೊಬ್ಬ ಎಲ್ಲವನ್ನೂ ಬಾಚಿಕೊಳ್ಳುತ್ತಾನೆ.

ಅದೇ ಕಾನೂನಿನ 14ನೇ ವಿಧಿ, ಈ ಕಡ್ಡಾಯ ಪಾಲಿನ ನಿಯಮದಿಂದ ಊರಾಡಳಿತಗಳು ತಪ್ಪಿಸಿಕೊಳ್ಳಬಹುದಾದ ಮೂರು ಸಂದರ್ಭ ಹೇಳುತ್ತದೆ: ಬಿಲ್ಲು ಕೊಡಲು ಆಗದಿದ್ದರೆ, ನಿಯಮಿತವಾಗಿ ನಿರಂತರವಾಗಿ ಪೂರೈಸಲು ಆಗದಿದ್ದರೆ, ಶುಚಿತ್ವದ ಸ್ಥಿತಿ ಸರಿಯಿಲ್ಲದಿದ್ದರೆ. ಈ ಮೂರನ್ನು ಗಮನಿಸಿ. ಒಂದೂ ಬೆಳೆಯುವುದಕ್ಕೆ ಸಂಬಂಧಿಸಿದ್ದಲ್ಲ, ಮೂರೂ ನಡುವಿನ ಕೆಲಸ. ಕಾನೂನು ಬೇಡಿಕೆಯನ್ನು ಹುಟ್ಟಿಸಬಲ್ಲದು. ಆದರೆ ಬಿಲ್ಲಿನ ಪುಸ್ತಕ, ಬಿತ್ತನೆಯ ಪಟ್ಟಿ, ಶುಚಿಯಾದ ವಿಂಗಡಣಾ ಕೋಣೆ ಇರುವ ಸಂಘ ಇಲ್ಲದ ಕಡೆ ಕಡ್ಡಾಯ ಪಾಲು ಎಂಬುದು ವಿನಾಯಿತಿ ಪತ್ರದಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಪಾಲು ಕಡ್ಡಾಯ ಮಾಡುವ ಸರ್ಕಾರ ಅದೇ ಬಜೆಟ್ಟಿನಲ್ಲಿ ಸಂಘಗಳಿಗೆ ಲೆಕ್ಕಿಗರನ್ನು, ಸಂಗ್ರಹಣಾ ಕೇಂದ್ರವನ್ನು ಕೊಡಬೇಕು.

'ಸ್ಥಳೀಯರಿಂದಲೇ ಕೊಳ್ಳಿ' ಎಂದು ಬರೆಯಲು ಕಾನೂನು ಬಿಡದ ಕಡೆಗಳೂ ಇವೆ. ಐರೋಪ್ಯ ಒಕ್ಕೂಟದ 2014ರ ಸಾರ್ವಜನಿಕ ಖರೀದಿ ನಿರ್ದೇಶನದಡಿ ಊರಿನ ಆಧಾರದ ಮೇಲೆ ಭೇದ ಮಾಡುವಂತಿಲ್ಲ. ಅಲ್ಲಿನ ಚುರುಕಾದ ಊರಾಡಳಿತಗಳು ಊರಿನ ಹೆಸರು ಬಿಟ್ಟು ಗುಣವನ್ನು ಬರೆಯುತ್ತವೆ: ಕೊಯ್ದ 24 ಗಂಟೆಯಲ್ಲಿ ತಲುಪಬೇಕು, ಹಂಗಾಮಿನದ್ದಾಗಿರಬೇಕು, ವಾರಕ್ಕೆ ಮೂರು ಸಲ ಬರಬೇಕು, ಖಾಲಿ ಕ್ರೇಟ್ ವಾಪಸ್ ಒಯ್ಯಬೇಕು, ಮಕ್ಕಳಿಗೆ ಹೊಲ ತೋರಿಸಬೇಕು. ದೂರದವನೂ ಬರಬಹುದು, ಆದರೆ ಷರತ್ತು ಪೂರೈಸುವುದು ಹತ್ತಿರದವನಿಗೆ ಸುಲಭ.

ಟೆಂಡರ್ ಕರೆಯುವವರು ನಿಜವಾಗಿ ಬದಲಿಸಬೇಕಾದ ಸಾಲುಗಳು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಅಡಗಿರುತ್ತವೆ. ಅಕ್ಕಿ, ಎಣ್ಣೆ, ತರಕಾರಿ, ಮೊಟ್ಟೆ ಎಲ್ಲವನ್ನೂ ಒಂದೇ ಟೆಂಡರಿನಲ್ಲಿ ಕಟ್ಟಿದರೆ ತರಕಾರಿ ಮಾತ್ರ ಬೆಳೆಯುವ ಸಂಘ ಅರ್ಜಿಯನ್ನೇ ಹಾಕಲಾರದು. ಅದನ್ನು ಸಣ್ಣ ಭಾಗಗಳಾಗಿ ಒಡೆಯಬೇಕು. ಮೇಲೆ ಹೇಳಿದ 2014ರ ಐರೋಪ್ಯ ನಿರ್ದೇಶನದ 46ನೇ ವಿಧಿಯಲ್ಲಿ, ಒಡೆಯದಿದ್ದರೆ ಏಕೆ ಒಡೆಯಲಿಲ್ಲ ಎಂದು ಕಾರಣ ಕೊಡಬೇಕಾಗುತ್ತದೆ. ಅದೇ ನಿರ್ದೇಶನ, ಬಿಡ್ ಹಾಕುವವರ ವಾರ್ಷಿಕ ವಹಿವಾಟು ಇಷ್ಟಿರಬೇಕು ಎಂದು ಕೇಳುವ ಮೊತ್ತವನ್ನು ಸಾಮಾನ್ಯವಾಗಿ ಗುತ್ತಿಗೆ ಮೌಲ್ಯದ ಎರಡು ಪಟ್ಟಿಗೆ ಸೀಮಿತಗೊಳಿಸುತ್ತದೆ. ಭಾರೀ ಠೇವಣಿ, ಮೂರು ವರ್ಷದ ಅನುಭವ, ಊರಾಚೆಯ ಒಂದೇ ಗೋದಾಮಿಗೆ ತಲುಪಿಸಬೇಕೆಂಬ ಷರತ್ತು, ಇವೆಲ್ಲ ಸಣ್ಣವರನ್ನು ಹೆಸರು ಹೇಳದೆ ಹೊರಗಿಡುವ ಬಾಗಿಲುಗಳೇ.

ಶುಚಿತ್ವದ ನಿಯಮಗಳಲ್ಲೂ ಗಾತ್ರ ನೋಡಬೇಕು. ನಿಯಮವೇ ಬೇಡ ಎಂಬ ವಾದ ಅಪಾಯಕಾರಿ. ಒಂದು ಊಟದ ವಿಷಬಾಧೆ ಹತ್ತು ವರ್ಷದ ನಂಬಿಕೆಯನ್ನು ಮುಗಿಸುತ್ತದೆ. ಆದರೆ ಕಾರ್ಖಾನೆಗೆಂದು ಬರೆದ ನಿಯಮವನ್ನು ಎರಡು ಎಕರೆಯ ಹೊಲಕ್ಕೆ ಹೇರಿದರೆ ಆ ಹೊಲ ಕಪ್ಪು ಸಂತೆಗೆ ಸರಿಯುತ್ತದೆ. 2011ರಲ್ಲಿ ಅಮೆರಿಕ ಆಹಾರ ಸುರಕ್ಷತೆಯ ಹೊಸ ಕಾನೂನು ತಂದಾಗ, ಸರಾಸರಿ ವಾರ್ಷಿಕ ಆಹಾರ ಮಾರಾಟ 5 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದು, ಅರ್ಧಕ್ಕಿಂತ ಹೆಚ್ಚನ್ನು ನೇರ ಗ್ರಾಹಕರಿಗೆ, ಅಥವಾ ಅದೇ ರಾಜ್ಯದ ಇಲ್ಲವೇ 275 ಮೈಲಿ ಒಳಗಿನ ಹೋಟೆಲು, ಅಂಗಡಿಗಳಿಗೆ ಮಾರುವವರಿಗೆ ಹಗುರವಾದ ನಿಯಮ ಇಟ್ಟಿತು. ಆ ಹಗುರ ನಿಯಮದಲ್ಲೂ ಬೆಳೆದವನ ಹೆಸರು, ವಿಳಾಸ ಗ್ರಾಹಕನಿಗೆ ಕಾಣುವಂತೆ ಇರಬೇಕು. ಹೊಣೆ ಯಾರದ್ದು ಎಂಬುದು ಮರೆಯಾಗಬಾರದು ಎಂಬ ಎಚ್ಚರ ಅದು.

ಒಂದೇ ಮೇಜಿನ ಸುತ್ತ

ಕೃಷಿ ಒಂದು ಇಲಾಖೆ, ಶಾಲೆ ಇನ್ನೊಂದು, ಆರೋಗ್ಯ ಮತ್ತೊಂದು, ಗಾಡಿ ನಿಲ್ಲಿಸುವ ಜಾಗ ಪಾಲಿಕೆಯದ್ದು. ಆಹಾರ ಎಲ್ಲರದ್ದೂ ಆಗಿ ಯಾರದ್ದೂ ಅಲ್ಲದಂತಾಗಿರುತ್ತದೆ. ಇದಕ್ಕೆಂದು ಹುಟ್ಟಿದ್ದು ಆಹಾರ ನೀತಿ ಮಂಡಳಿ. ಅಮೆರಿಕದ ನಾಕ್ಸ್‌ವಿಲ್ 1982ರಲ್ಲಿ ಮೊದಲ ಮಂಡಳಿ ರಚಿಸಿತು. ಕೆನಡಾದ ಟೊರಾಂಟೊ 1991ರಲ್ಲಿ ತನ್ನ ಮಂಡಳಿಯನ್ನು ನಗರದ ಆರೋಗ್ಯ ಮಂಡಳಿಯ ಅಡಿಯಲ್ಲಿಟ್ಟಿತು. 2015ರ ಅಕ್ಟೋಬರಿನಲ್ಲಿ ಮಿಲಾನ್‌ನಲ್ಲಿ ನೂರಕ್ಕೂ ಹೆಚ್ಚು ನಗರಗಳು ಸಹಿ ಹಾಕಿದ ನಗರ ಆಹಾರ ನೀತಿ ಒಪ್ಪಂದದಲ್ಲಿ 37 ಕ್ರಮಗಳ ಪಟ್ಟಿ ಇದೆ. ಅದನ್ನು ಇಡಿಯಾಗಿ ಹೊತ್ತುಕೊಳ್ಳುವ ಬದಲು ಮೂರನ್ನು ಆರಿಸಿಕೊಂಡ ನಗರ ಮುಂದೆ ಹೋಗುತ್ತದೆ.

ಮಂಡಳಿಗಳು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಸಾಯುತ್ತವೆ. ಒಂದು, ಮೇಯರ್ ಬದಲಾದಾಗ. ಬರೀ ಆದೇಶದಿಂದ ಹುಟ್ಟಿದ್ದು ಇನ್ನೊಂದು ಆದೇಶದಿಂದ ಹೋಗುತ್ತದೆ, ಉಪವಿಧಿಯ (ಬೈಲಾ) ಮೂಲಕ ಬಂದದ್ದು ಅಷ್ಟು ಬೇಗ ಹೋಗುವುದಿಲ್ಲ. ಎರಡು, ಪೂರ್ಣಾವಧಿ ನೌಕರ ಒಬ್ಬನೂ ಇಲ್ಲದಾಗ. ಉತ್ಸಾಹಿ ಸ್ವಯಂಸೇವಕರು ಒಂದು ವರ್ಷ ನಡಾವಳಿ ಬರೆಯುತ್ತಾರೆ, ಎರಡನೇ ವರ್ಷ ಸಭೆ ಸೇರುತ್ತದೆ, ನಡಾವಳಿ ಇರುವುದಿಲ್ಲ. ಕೂರುವವರ ವಿಷಯಕ್ಕೆ ಬಂದರೆ ಹಮಾಲರು, ಬೀದಿ ವ್ಯಾಪಾರಿಗಳು, ಶಾಲೆಯ ಅಡುಗೆಯವರು ಇರಲೇಬೇಕು, ಅವರ ಆ ದಿನದ ಕೂಲಿಯನ್ನೂ ಕಟ್ಟಿಕೊಡಬೇಕು. ಬೆಳಿಗ್ಗೆ 11ಕ್ಕೆ ಸಭೆ ಇಟ್ಟು ರೈತರು ಬರಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಇಲಾಖೆಯೇ ಹುಟ್ಟಿದರೆ ಏನಾಗಬಹುದೆಂದು ತೋರಿಸಿದ್ದು ಬ್ರೆಜಿಲಿನ ಬೆಲೊ ಒರಿಜೊಂಟೆ. 1993ರಲ್ಲಿ ಮೇಯರ್ ಪಾತ್ರುಸ್ ಅನನಿಯಾಸ್ ಆಹಾರಕ್ಕೆಂದೇ ಪ್ರತ್ಯೇಕ ಇಲಾಖೆ ತೆರೆದರು. ಅಲ್ಲಿನ ಒಂದು ಏರ್ಪಾಡು ಬಹಳ ಸರಳ, ಬಹಳ ಜಾಣತನದ್ದು. ಒಳ್ಳೆಯ ವ್ಯಾಪಾರವಾಗುವ ಸರ್ಕಾರಿ ಜಾಗವನ್ನು ಖಾಸಗಿ ವ್ಯಾಪಾರಿಗೆ ಅಂಗಡಿಗೆಂದು ಕೊಟ್ಟರು. ಬದಲಿಗೆ ಅವನು ನಗರ ಗೊತ್ತುಮಾಡಿದ ಸುಮಾರು 20 ಬಗೆಯ ಪದಾರ್ಥಗಳನ್ನು ನಗರ ಗೊತ್ತುಮಾಡಿದ ಕಡಿಮೆ ಬೆಲೆಗೆ ಮಾರಬೇಕಿತ್ತು, ವಾರಾಂತ್ಯದಲ್ಲಿ ಬಡ ಬಡಾವಣೆಗಳಿಗೂ ಗಾಡಿ ಒಯ್ಯಬೇಕಿತ್ತು. ಉಳಿದ ಸರಕಿನ ಬೆಲೆ ಅವನಿಷ್ಟ. ಸರ್ಕಾರ ಅಕ್ಕಿಬೇಳೆಗೆ ಸಬ್ಸಿಡಿ ಕೊಡುವ ಬದಲು ಜಾಗದ ಬೆಲೆಯನ್ನು ಬಳಸಿಕೊಂಡಿತು. ಇದರ ಜೊತೆ ಸಣ್ಣ ರೈತರಿಗೆ ನಗರದೊಳಗೆ ನೇರ ಮಾರಾಟದ ಕಟ್ಟೆಗಳು, ಎಲ್ಲರೂ ಉಣ್ಣಬಹುದಾದ ಜನತಾ ಊಟದ ಮನೆಗಳು. ಎಲ್ಲ ಸೇರಿ ನಗರದ ಬಜೆಟ್ಟಿನ ಶೇ 2ಕ್ಕಿಂತ ಕಡಿಮೆ.

ಜಾಗದ ಪ್ರಶ್ನೆ ನಗರದೊಳಗೆ ಬೆಳೆಯುವವರಿಗೆ ಇನ್ನೂ ತೀವ್ರ. ಅರ್ಜೆಂಟೀನಾದ ರೊಸಾರಿಯೊ, ದೇಶದ ಆರ್ಥಿಕತೆ ಕುಸಿದ ಬೆನ್ನಿಗೆ 2002ರಲ್ಲಿ ನಗರ ಕೃಷಿ ಯೋಜನೆ ಶುರು ಮಾಡಿ, ಪಾಳುಬಿದ್ದ ಜಾಗಗಳನ್ನು ಬೆಳೆಯುವವರಿಗೆ ಕೊಟ್ಟಿತು. ಇಂಥ ಕಡೆ ಗುತ್ತಿಗೆಯ ಅವಧಿಯೇ ನಿರ್ಣಾಯಕ. ಒಂದು ವರ್ಷದ ಅನುಮತಿ ಸಿಕ್ಕವನು ಸೊಪ್ಪು ಬಿತ್ತುತ್ತಾನೆ, ಗೊಬ್ಬರ ಹಾಕಿ ಮಣ್ಣು ಕಟ್ಟುವುದಿಲ್ಲ, ಹನಿ ನೀರಾವರಿ ಹಾಕುವುದಿಲ್ಲ. ಕನಿಷ್ಠ ಐದು ವರ್ಷ, ಬಿಡಿಸುವುದಾದರೆ ಒಂದು ಹಂಗಾಮಿನ ನೋಟಿಸು ಇರಬೇಕು. ಹಳೆಯ ಕಾರ್ಖಾನೆ, ಗ್ಯಾರೇಜ್ ಇದ್ದ ಜಾಗವಾದರೆ ಬಿತ್ತುವ ಮುನ್ನ ಮಣ್ಣಿನಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳಿ. ಸೀಸ ಸಿಕ್ಕರೆ ಬೇರು ತರಕಾರಿ, ಸೊಪ್ಪು ಬೇಡ, ಬೇರೆಡೆಯ ಮಣ್ಣು ತುಂಬಿದ ಎತ್ತರದ ಮಡಿಗಳಲ್ಲಿ ಬೆಳೆಯಬೇಕು.

ಹೊಸದಾಗಿ ಶುರು ಮಾಡುವವರಿಗೆ ಕ್ರಮ ಹೀಗಿದ್ದರೆ ಚೆಂದ. ಮೊದಲ ಮೂರು ತಿಂಗಳು ಒಂದೇ ಒಂದು ಅಡುಗೆಮನೆಯ ವರ್ಷದ ಖರೀದಿ ಬಿಲ್ಲುಗಳನ್ನು ಹರವಿಕೊಂಡು ಕೂತು, ಯಾವ ತಿಂಗಳು ಯಾವ ತರಕಾರಿ ಎಷ್ಟು ಎಂದು ಪಟ್ಟಿ ಮಾಡಿ. ಅದರಲ್ಲಿ ಸುಲಭಕ್ಕೆ ಕೆಡದ ನಾಲ್ಕೈದನ್ನು ಆರಿಸಿ, ಗೆಡ್ಡೆ, ಕುಂಬಳ, ಈರುಳ್ಳಿಯಂಥವನ್ನು. ಶೀತಲ ಕೊಠಡಿ ಇಲ್ಲದೆ, ಬಾಡಿಗೆ ಗಾಡಿಯಲ್ಲಿ ಒಂದು ಹಂಗಾಮು ಓಡಿಸಿ. ಆ್ಯಪ್ ಮಾಡಿಸಲು ಯಾರಾದರೂ ಮುಂದೆ ಬಂದರೆ ಆಮೇಲೆ ಎನ್ನಿ, ಈ ಹಂತಕ್ಕೆ ಒಂದು ಎಕ್ಸೆಲ್ ಹಾಳೆ, ಒಂದು ವಾಟ್ಸ್ಆ್ಯಪ್ ಗುಂಪು ಧಾರಾಳ. ಮೂರು ಅಂಕಿಗಳನ್ನು ಮಾತ್ರ ವಾರವಾರ ಬರೆದಿಡಿ: ಕೇಳಿದ್ದರಲ್ಲಿ ಶೇ ಎಷ್ಟು ತಲುಪಿತು, ತಲುಪಿದ್ದರಲ್ಲಿ ಶೇ ಎಷ್ಟು ತಿರಸ್ಕೃತವಾಯಿತು, ಬಿಲ್ಲು ಕೊಟ್ಟ ಎಷ್ಟು ದಿನಕ್ಕೆ ಹಣ ಬಂತು. ಮೊದಲನೆಯದು ಸತತ ಮೂರು ತಿಂಗಳು ಶೇ 95 ದಾಟುವವರೆಗೆ ಎರಡನೇ ಅಡುಗೆಮನೆಯನ್ನು ಸೇರಿಸಬೇಡಿ. ಮೂರನೆಯದು 30 ದಿನ ಮೀರುತ್ತಿದ್ದರೆ ಆ ಹಾಳೆಯನ್ನೇ ಹಿಡಿದುಕೊಂಡು ಖಜಾನೆ ಅಧಿಕಾರಿಯ ಬಳಿಗೆ ಹೋಗಿ.